ಹಾಡುವಾಗ ಉಸಿರು ಸಾಲುತ್ತಿಲ್ಲವಾ? ಮೊದಲು ಮೈಯನ್ನು ಗಮನಿಸಿ

ಹಾಡು ಕಲಿಯಲು ಬರುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಒಂದೇ. "ಉಸ್ರೇ ಸಾಲಲ್ರೀ ಮೇಡಮ್." ದಾವಣಗೆರೆಯಲ್ಲಿ ಭಜನೆ ಮಂಡಳಿಗಳಿಗೇನೂ ಕಡಿಮೆ ಇಲ್ಲ. ಅಲ್ಲಿ ಹಾಡುವ ಅಕ್ಕಂದಿರು, ಸುಗಮ ಸಂಗೀತದ ಸ್ಪರ್ಧೆಗೆ ತಯಾರಾಗುವ ಕಾಲೇಜು ಹುಡುಗರು, ರಿಟೈರ್ ಆದ ಮೇಲೆ ಹಾರ್ಮೋನಿಯಂ ಕೊಂಡು ಕಲಿಯಲು ಕೂತವರು, ಎಲ್ಲರದ್ದೂ ಇದೇ ದೂರು. ಸಾಲಿನಲ್ಲಿ ಇನ್ನೂ ಎರಡು ಪದ ಬಾಕಿ ಇರುತ್ತದೆ, ಅಷ್ಟರಲ್ಲಿ ಉಸಿರು ಖಾಲಿ. ಆಮೇಲೆ ಪದದ ನಡುವೆ ಎಲ್ಲೆಂದರಲ್ಲಿ ಉಸಿರು ಎಳೆದು, ಅರ್ಥ ಮುರಿದು, ತಾಳ ಹಿಡಿಯಲು ಓಡಬೇಕು.

ಇದಕ್ಕೆ ಸಿಗುವ ಸಲಹೆಯೂ ಒಂದೇ. "ಜಾಸ್ತಿ ಉಸಿರು ತಗೊಂಡು ಶುರು ಮಾಡು." ಈ ಸಲಹೆಯಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚಾಗಿದೆ ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ. ಸುಮ್ನೆ ಕೂತಾಗ ನಾವು ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್ ಗಾಳಿ. ಪೂರ್ತಿ ತುಂಬಿಕೊಂಡು ಪೂರ್ತಿ ಹೊರಗೆ ಬಿಟ್ಟರೆ ಆರೋಗ್ಯವಾಗಿರುವ ದೊಡ್ಡವರಲ್ಲಿ 3ರಿಂದ 5 ಲೀಟರ್ ಬರುತ್ತದೆ. ಅಷ್ಟು ಬಿಟ್ಟ ಮೇಲೂ ಒಳಗೆ ಒಂದು ಲೀಟರಿನಷ್ಟು ಉಳಿದೇ ಇರುತ್ತದೆ, ಅದನ್ನು ಹೊರಗೆ ಹಾಕಲು ಆಗುವುದೇ ಇಲ್ಲ. ಒಂದು ವಚನದ ಸಾಲಿಗೆ, ಒಂದು ಭಾವಗೀತೆಯ ಸಾಲಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಗಾಳಿ ಬೇಕಾಗುವುದಿಲ್ಲ. ಗಾಳಿ ಇದೆ, ಆದರೆ ಸಾಲಿನ ಮೊದಲ ಎರಡು ಪದಗಳಲ್ಲೇ ಸೋರಿ ಹೋಗುತ್ತಿದೆ. ಇಲ್ಲಾಂದ್ರೆ ಮೈ ಎಲ್ಲೋ ಬಿಗಿ ಹಿಡಿದು ದಾರಿ ಕಟ್ಟಿದೆ. ಹಾಗಾಗಿ ಕಲಿಯಬೇಕಾದದ್ದು, ಮೈ ಎಲ್ಲಿ ಬಿಗಿ ಹಿಡಿಯುತ್ತದೆ ಅಂತ ಗುರುತಿಸುವುದು, ಆಮೇಲೆ ಉಸಿರನ್ನು ನಿಧಾನಕ್ಕೆ ಬಿಡುವುದು. ಈ ಕ್ರಮದಲ್ಲೇ ಕಲಿಯಬೇಕು.

ಒಳಗೆ ಏನಾಗುತ್ತದೆ

ಎದೆಗೂಡಿಗೂ ಹೊಟ್ಟೆಗೂ ನಡುವೆ ಅಡ್ಡಲಾಗಿ ಒಂದು ಸ್ನಾಯು ಇದೆ. ವಪೆ ಅಂತಾರೆ, ಡಾಕ್ಟರು ಡಯಾಫ್ರಾಮ್ ಅಂತಾರೆ. ಉಸಿರು ಎಳೆದುಕೊಳ್ಳುವಾಗ ಅದು ಕೆಳಗಿಳಿಯುತ್ತದೆ. ಅದು ಇಳಿದಾಗ ಕೆಳಗಿರುವ ಕರುಳು, ಜಠರ ಎಲ್ಲ ಜಾಗ ಬಿಟ್ಟುಕೊಡಬೇಕಲ್ವಾ, ಅದಕ್ಕೇ ಹೊಟ್ಟೆ ಮುಂದೆ ಬರುತ್ತದೆ. ಜೊತೆಗೆ ಕೆಳಗಿನ ಪಕ್ಕೆಲುಬುಗಳು ಎರಡೂ ಬದಿಗೆ ಅಗಲವಾಗುತ್ತವೆ. ಹೊಟ್ಟೆಯೊಳಗೆ ಗಾಳಿ ಹೋಗುವುದಿಲ್ಲ. "ಹೊಟ್ಟೆಯಿಂದ ಹಾಡು" ಅಂತ ಗುರುಗಳು ಹೇಳಿದರೆ ಹೊಟ್ಟೆಯನ್ನು ಜಾಗ ಬಿಡುವಷ್ಟು ಸಡಿಲ ಇಟ್ಟುಕೋ ಅಂತ ತಿಳಿದುಕೊಳ್ಳಿ. ಇದನ್ನು ತಪ್ಪಾಗಿ ತಿಳಿದು ಹೊಟ್ಟೆಯನ್ನು ಬೇಕಂತಲೇ ಮುಂದೆ ತಳ್ಳಿ ಕಲ್ಲಿನ ಹಾಗೆ ಮಾಡಿಕೊಂಡು ಕೂರುವವರು ಬಹಳ ಜನ.

ಇನ್ನೊಂದು ಮಾತು. ವಪೆ ಉಸಿರು ಎಳೆಯಲು ಇರುವ ಸ್ನಾಯು, ಗಾಳಿಯನ್ನು ಹೊರಗೆ ನೂಕುವ ಕೆಲಸ ಅದರದ್ದಲ್ಲ. ಅದು ಎಲ್ಲಿದೆ, ಎಷ್ಟು ಇಳಿದಿದೆ ಅಂತ ನೇರವಾಗಿ ನಮಗೆ ಗೊತ್ತಾಗುವುದೂ ಇಲ್ಲ. ಕೈ ಮಡಚಿದರೆ ಗೊತ್ತಾಗುವ ಹಾಗೆ ವಪೆ ಇಳಿದದ್ದು ಗೊತ್ತಾಗುವುದಿಲ್ಲ. ಸುತ್ತಲಿನ ಜಾಗಗಳಿಂದ, ಅಂದರೆ ಪಕ್ಕೆ, ಹೊಟ್ಟೆ, ಸೊಂಟದ ಹಿಂಭಾಗ, ಇವುಗಳ ಚಲನೆಯಿಂದ ಅದನ್ನು ಊಹಿಸಬೇಕು. ಉಸಿರಿನ ಪಾಠಕ್ಕೆ ಮೈಯ ಗಮನ ಯಾಕೆ ಬೇಕು ಅಂದರೆ ಇದಕ್ಕೇ.

ಶ್ವಾಸಕೋಶ ತುಂಬಿದಾಗ ಅದು ತಾನಾಗಿಯೇ ಕುಗ್ಗಲು ನೋಡುತ್ತದೆ. ಎಷ್ಟು ಜಾಸ್ತಿ ತುಂಬುತ್ತೀರೋ ಅಷ್ಟು ಜೋರಾಗಿ ಗಾಳಿ ಹೊರಗೆ ನುಗ್ಗುತ್ತದೆ. ಗಂಟಲಿನಲ್ಲಿರುವ ಧ್ವನಿತಂತುಗಳು ಒಂದರಿಂದ ಎರಡು ಸೆಂಟಿಮೀಟರ್ ಉದ್ದದವು, ಅಷ್ಟೇ. ಮಾತಾಡುವಾಗ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ 100ರಿಂದ 130 ಸಲ ಅವು ಕಂಪಿಸುತ್ತವೆ. ತಾರ ಸಪ್ತಕಕ್ಕೆ, ಅಂದರೆ ಮೇಲಿನ ಸ್ವರಗಳಿಗೆ ಹೋದರೆ ಇದು ಎರಡು ಪಟ್ಟು, ಅದಕ್ಕೂ ಹೆಚ್ಚು. ಇಷ್ಟು ಚಿಕ್ಕ ಜಾಗದ ಮೇಲೆ ಅಷ್ಟು ಗಾಳಿ ಒಮ್ಮೆಲೇ ನುಗ್ಗಿದರೆ ಗಂಟಲು ಹೆದರಿ ಬಿಗಿಯಾಗುತ್ತದೆ. ಹಾರ್ಮೋನಿಯಂ ನುಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸಬರು ತಿದಿಯನ್ನು ದಬದಬ ಒತ್ತುತ್ತಾರೆ, ಸ್ವರ ಉಬ್ಬಿ ಉಬ್ಬಿ ಬರುತ್ತದೆ. ಪಳಗಿದವರ ಎಡಗೈ ಹಗುರಾಗಿ ಆಡುತ್ತದೆ, ಒಳಗಿನ ತಿದಿಯಲ್ಲಿ ಗಾಳಿಯ ಒತ್ತಡ ಒಂದೇ ಸಮ ಇರುತ್ತದೆ, ಸ್ವರ ನೆಟ್ಟಗೆ ನಿಲ್ಲುತ್ತದೆ. ನಮ್ಮ ಮೈಯಲ್ಲಿ ಆ ಒಂದೇ ಸಮದ ಒತ್ತಡ ಕೊಡುವುದು ಪಕ್ಕೆಗಳು. ಸಾಲು ಶುರುವಾದ ಮೇಲೂ ಅವು ತಕ್ಷಣ ಕುಸಿಯದೆ ಸ್ವಲ್ಪ ಹೊತ್ತು ಅಗಲವಾಗಿಯೇ ಇದ್ದರೆ ಸಾಕು.

ಮಲಗಿ ಶುರು ಮಾಡಿ

ಹಾಡದೆ ಶುರು ಮಾಡಬೇಕು. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಮಂಚ ಬೇಡ, ಹಾಸಿಗೆ ಮೆತ್ತಗಿದ್ದರೆ ಬೆನ್ನಿಗೆ ಏನೂ ಗೊತ್ತಾಗುವುದಿಲ್ಲ. ಮಂಡಿ ಮೇಲೆತ್ತಿ, ಪಾದ ನೆಲಕ್ಕೆ ಊರಿ. ತಲೆ ಕೆಳಗೆ ಎರಡು ಬೆರಳು ದಪ್ಪದ ಪುಸ್ತಕ ಇಡಿ. ದಿಂಬು ಇಟ್ಟರೆ ಗದ್ದ ಎದೆಗೆ ಒತ್ತುತ್ತದೆ, ಏನೂ ಇಡದಿದ್ದರೆ ಕೆಲವರಿಗೆ ಗದ್ದ ಮೇಲೆ ಹೋಗುತ್ತದೆ. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಕೈ ಪಕ್ಕೆಯ ಕೆಳಭಾಗದಲ್ಲಿ.

ಈಗ ಏನೂ ಮಾಡಬೇಡಿ. ಉಸಿರನ್ನು ಉದ್ದ ಮಾಡಲು ಹೋಗಬೇಡಿ. ಸುಮ್ನೆ ನೋಡಿ, ಅದು ಎಲ್ಲಿ ಹೋಗುತ್ತಿದೆ? ಹೆಚ್ಚಿನವರಿಗೆ ಎರಡು ಮೂರು ನಿಮಿಷದಲ್ಲಿ ಹೊಟ್ಟೆ ತಾನಾಗಿ ಏರಿ ಇಳಿಯುವುದು ಗೊತ್ತಾಗುತ್ತದೆ. ಕೂತಾಗ ಎದೆ, ಹೆಗಲಿನಲ್ಲಿ ಉಸಿರಾಡುವವರೂ ಮಲಗಿದಾಗ ಸರಿಯಾಗಿಯೇ ಉಸಿರಾಡುತ್ತಾರೆ. ಮೈಗೆ ಇದು ಗೊತ್ತಿದೆ. ಅದನ್ನು ಕೂತಾಗಲೂ ನಿಂತಾಗಲೂ ಉಳಿಸಿಕೊಳ್ಳುವುದೇ ಕೆಲಸ.

ಆಮೇಲೆ ಒಂದೊಂದೇ ಜಾಗಕ್ಕೆ ಗಮನ ಕೊಡುತ್ತಾ ಬನ್ನಿ. ಹಲ್ಲು ಕಚ್ಚಿದ್ದೀರಾ? ನಾಲಿಗೆ ಅಂಗುಳಿಗೆ ಒತ್ತಿ ಕೂತಿದೆಯಾ? ಹುಬ್ಬು ಗಂಟು ಹಾಕಿದೆಯಾ? ಪೃಷ್ಠ ಬಿಗಿ ಹಿಡಿದಿದ್ದೀರಾ? ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದು ಬಿಗಿ ಇದ್ದರೆ ಕಿಬ್ಬೊಟ್ಟೆಯೂ ಬಿಗಿ ಇರುತ್ತದೆ, ವಪೆ ಇಳಿಯಲು ಜಾಗ ಸಿಗುವುದಿಲ್ಲ. ಬಿಗಿ ಸಿಕ್ಕ ಕಡೆ ಬಲವಂತವಾಗಿ ಸಡಿಲ ಮಾಡಲು ಹೋಗದೆ, ಒಮ್ಮೆ ಬೇಕಂತಲೇ ಇನ್ನಷ್ಟು ಬಿಗಿ ಹಿಡಿದು ಬಿಟ್ಟುಬಿಡಿ. ವ್ಯತ್ಯಾಸ ಆಗ ಚೆನ್ನಾಗಿ ಗೊತ್ತಾಗುತ್ತದೆ. ಐದು ನಿಮಿಷ ಸಾಕು. ನಿದ್ದೆ ಬಂದರೆ ಬರಲಿ, ಬೆಳಗ್ಗೆ ಮತ್ತೆ ಮಾಡಿ.

ಕೂರುವುದು, ಕನ್ನಡಿ, ಹಾರ್ಮೋನಿಯಂ

ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಹಾಡುವುದೇ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕುರ್ಚಿಯ ಮೇಲೆ ಕೂತು ಕೂತು ಅಭ್ಯಾಸವಾದವರಿಗೆ ನೆಲದ ಮೇಲೆ ಮಂಡಿಗಳು ಸೊಂಟಕ್ಕಿಂತ ಮೇಲೆ ನಿಲ್ಲುತ್ತವೆ. ಆಗ ಬೆನ್ನು ಗೂನಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಪೃಷ್ಠದ ಕೆಳಗೆ ಮಾತ್ರ ಇಟ್ಟುಕೊಳ್ಳಿ, ಕಾಲಿನ ಕೆಳಗೆ ಬೇಡ. ಮಂಡಿ ಸೊಂಟಕ್ಕಿಂತ ಕೆಳಗೆ ಬರಬೇಕು. ಸ್ವಲ್ಪ ಹಿಂದೆ ಮುಂದೆ ತೂಗಿ ನೋಡಿ, ಕೆಳಗೆ ಎರಡು ಗಟ್ಟಿ ಮೂಳೆ ನೆಲಕ್ಕೆ ತಾಗುವುದು ಗೊತ್ತಾಗುತ್ತದೆ. ಅವುಗಳ ಮೇಲೆ ನೆಟ್ಟಗೆ ಕೂತರೆ ಬೆನ್ನು ಎತ್ತಿ ಹಿಡಿಯಲು ಶ್ರಮವೇ ಬೇಡ. ಮಂಡಿ ನೋವಿದ್ದವರು ಧಾರಾಳವಾಗಿ ಕುರ್ಚಿಯ ಮೇಲೆ ಕೂರಿ. ಒರಗಬೇಡಿ, ಪಾದ ನೆಲಕ್ಕೆ ತಾಗಲಿ, ಅಷ್ಟೇ.

ಎದುರಿಗೆ ಒಂದು ಕನ್ನಡಿ ಇಡಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಮೈ ಏನು ಮಾಡುತ್ತಿದೆ ಅಂತ ನಮಗೆ ಅನಿಸುವುದಕ್ಕೂ ಅದು ನಿಜವಾಗಿ ಮಾಡುವುದಕ್ಕೂ ಬಹಳ ಅಂತರ ಇರುತ್ತದೆ. ಆಸ್ಟ್ರೇಲಿಯಾದಲ್ಲಿ 1869ರಲ್ಲಿ ಹುಟ್ಟಿದ ಎಫ್.ಎಂ. ಅಲೆಕ್ಸಾಂಡರ್ ಎಂಬ ನಟನಿಗೆ ವೇದಿಕೆ ಮೇಲೆ ದನಿ ಕಟ್ಟುತ್ತಿತ್ತು. ಔಷಧಿಯಿಂದ ಗುಣ ಕಾಣದೆ ಅವನು ಕನ್ನಡಿ ಮುಂದೆ ನಿಂತು ತನ್ನನ್ನೇ ಗಮನಿಸಿದ. ಮಾತು ಶುರು ಮಾಡುವ ಕ್ಷಣದಲ್ಲಿ ತಲೆಯನ್ನು ಹಿಂದಕ್ಕೆ ಕೆಳಕ್ಕೆ ಎಳೆದುಕೊಳ್ಳುತ್ತಿದ್ದದ್ದು, ಗಂಟಲು ಒತ್ತುತ್ತಿದ್ದದ್ದು ಆಗ ಕಂಡಿತು. ಅವನಿಗೆ ಅದರ ಅರಿವೇ ಇರಲಿಲ್ಲ. ಅವನ ಹೆಸರಿನ ಪದ್ಧತಿಯನ್ನು ಇವತ್ತಿಗೂ ನಟರು, ಗಾಯಕರು ಕಲಿಯುತ್ತಾರೆ. ಅದಕ್ಕೂ ಮೊದಲು 1854ರಲ್ಲಿ ಮಾನ್ಯುಯೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು ಒಂದು ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಇನ್ನೊಂದರಿಂದ ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳು ಆಡುವುದನ್ನು ನೋಡಿದ್ದ. ನಮಗೆ ಅಷ್ಟು ಬೇಡ, ಅಲ್ಮೇರಾದ ಕನ್ನಡಿ ಸಾಕು.

ಕನ್ನಡಿಯಲ್ಲಿ ನೋಡಬೇಕಾದದ್ದು ಮೂರು ಜಾಗ. ಉಸಿರು ಎಳೆಯುವಾಗ ಹೆಗಲು ಏರುತ್ತದಾ? ಮೇಲಿನ ಸ್ವರಕ್ಕೆ ಹೋಗುವಾಗ ಗದ್ದ ಏರುತ್ತದಾ? ಕತ್ತಿನ ಪಕ್ಕದ ನರಗಳು ಉಬ್ಬುತ್ತವಾ?

ನಮ್ಮ ಕ್ಲಾಸಿಗೆ ಬರುವ ಒಬ್ಬ ಅಕ್ಕನವರ ವಿಷಯ ಹೇಳುತ್ತೇನೆ. ಭಜನೆಯಲ್ಲಿ ತಾವೇ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಾರೆ. ಮಧ್ಯ ಸಪ್ತಕದಲ್ಲಿ ಬಹಳ ಚೆಂದದ ದನಿ, ತಾರ ಷಡ್ಜ, ಅಂದರೆ ಮೇಲಿನ ಸ ಬಂದರೆ ಕಿರುಚಿದ ಹಾಗೆ. ಪಕ್ಕದಲ್ಲಿ ಕೂತು ನೋಡಿದೆ. ಹಾರ್ಮೋನಿಯಂನ ಮನೆಗಳನ್ನು, ಅಂದರೆ ಬೆರಳಿಡುವ ಕೀಲಿಗಳನ್ನು ನೋಡಲು ತಲೆ ಬಲಕ್ಕೆ ಬಾಗಿತ್ತು. ಪಂಚಮ, ಅಂದರೆ ಪ ದಾಟುತ್ತಿದ್ದ ಹಾಗೆ ಎಡಗೈ ತಿದಿಯನ್ನು ಬಿರುಸಾಗಿ ಒತ್ತಲು ಶುರು ಮಾಡಿತು, ಅದರ ಜೊತೆಗೇ ಎಡ ಹೆಗಲು ಕಿವಿ ಹತ್ತಿರ ಬಂತು, ಗದ್ದ ಮುಂದೆ ಚಾಚಿತು. ಕೈಯ ಒತ್ತಡ ಕುತ್ತಿಗೆಗೆ ಏರಿ ದನಿಯನ್ನೇ ಹಿಡಿದುಬಿಟ್ಟಿತ್ತು. ಹಾರ್ಮೋನಿಯಂ ಪಕ್ಕಕ್ಕಿಟ್ಟು, ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ಎರಡೂ ಕೈ ತೊಡೆ ಮೇಲೆ ಅಂಗೈ ಮೇಲಾಗಿ ಇಟ್ಟು ಅದೇ ಸಾಲು ಹಾಡಿಸಿದೆ. ಷಡ್ಜ ಬಂದು ನಿಂತಿತು. ಅವರೇ ಬೆರಗಾಗಿ ಎದೆ ಮುಟ್ಟಿಕೊಂಡರು. ಹಾರ್ಮೋನಿಯಂ ಬೇಡ ಅಂತ ನಾನು ಹೇಳುವುದಿಲ್ಲ. ಉಸಿರಿನ ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಅದನ್ನು ದೂರ ಇಡಿ.

ಉಸಿರು ಬಿಡುವುದನ್ನು ಮೊದಲು ಕಲಿಯಿರಿ

ಎಲ್ಲರೂ ಎಳೆಯುವುದರಿಂದ ಶುರು ಮಾಡುತ್ತಾರೆ. ನೀವು ಬಿಡುವುದರಿಂದ ಮಾಡಿ. ಹಲ್ಲುಗಳ ನಡುವೆ "ಸ್ಸ್ಸ್" ಅಂತ ತೆಳ್ಳಗೆ ಗಾಳಿ ಬಿಡಿ. ಇದ್ದಷ್ಟೇ ಉಸಿರಿನಲ್ಲಿ, ಮೊದಲು ತುಂಬಿಕೊಳ್ಳದೆ. ಹಿತವಾಗಿ ಮುಗಿಯುವವರೆಗೆ ಬಿಟ್ಟು ನಿಲ್ಲಿಸಿ, ಕೊನೆಯ ಹನಿ ಹಿಂಡಬೇಡಿ. ಈಗ ಹೊಟ್ಟೆಯನ್ನು ಸಡಿಲ ಬಿಡಿ. ಅಷ್ಟೇ ಮಾಡಿ, ಗಾಳಿಯನ್ನು ಎಳೆಯಬೇಡಿ. ಗಾಳಿ ತಾನಾಗಿಯೇ ಒಳಗೆ ಬರುತ್ತದೆ, ಸದ್ದಿಲ್ಲದೆ. ಇದನ್ನು ಮೈಗೆ ಹಿಡಿಸಿಕೊಳ್ಳುವುದು ಈ ಇಡೀ ಅಭ್ಯಾಸದಲ್ಲಿ ನನಗೆ ಅತ್ಯಂತ ಮುಖ್ಯ ಅನಿಸುತ್ತದೆ. ಉಸಿರು ಎಳೆಯುವ ಸದ್ದು ಬಂದರೆ ಗಂಟಲು ಅರ್ಧ ಮುಚ್ಚಿದೆ ಅಂತ ಅರ್ಥ.

ಇದು ಸಲೀಸಾದ ಮೇಲೆ ಎಣಿಸಿ. ಅಂಗೈಯ ಹಿಂಭಾಗವನ್ನು ಎರಡೂ ಪಕ್ಕೆಯ ಕೆಳಗೆ ಇಡಿ. ಅಂಗೈ ಇಟ್ಟರೆ ಒತ್ತಬೇಕು ಅನಿಸುತ್ತದೆ, ಹಿಂಗೈ ಇಟ್ಟರೆ ಬರೀ ಗೊತ್ತಾಗುತ್ತದೆ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು, ಪಕ್ಕೆ ಅಗಲವಾಗಲಿ. ಆಮೇಲೆ "ಸ್ಸ್ಸ್" ಅಂತ ಹತ್ತು ಎಣಿಸುವವರೆಗೆ ಬಿಡಿ. ಮೊದಲ ಐದು ಎಣಿಕೆಗೆ ಪಕ್ಕೆಗಳು ಕೈಯನ್ನು ತಳ್ಳಿಕೊಂಡೇ ಇರಬೇಕು. ಆಮೇಲೆ ನಿಧಾನಕ್ಕೆ ಒಳಗೆ ಬರಲಿ, ಕಿಬ್ಬೊಟ್ಟೆಯೂ ಮೆಲ್ಲಗೆ ಒಳಗೆ ಹೋಗಲಿ. ಕಿವಿಗೊಟ್ಟು ಕೇಳಿ. ಸದ್ದು ಮೊದಲು ಜೋರಾಗಿ ಬಂದು ಕೊನೆಗೆ ಕ್ಷೀಣಿಸುತ್ತಿದೆಯಾ? ಹಾಗಿದ್ದರೆ ಹಾಡಿನ ಸಾಲಿನಲ್ಲೂ ನಿಮಗೆ ಅದೇ ಆಗುತ್ತಿದೆ. ಹತ್ತು ಎಣಿಕೆ ಒಂದೇ ಸಮ ಬರುವವರೆಗೆ ಹನ್ನೆರಡಕ್ಕೆ ಹೋಗಬೇಡಿ. ಹುಡುಗರು ಇದನ್ನು ಪಂದ್ಯ ಮಾಡಿಕೊಳ್ಳುತ್ತಾರೆ, ಯಾರು ನಲವತ್ತು, ಯಾರು ಐವತ್ತು ಅಂತ. ಉದ್ದ ಮುಖ್ಯವಲ್ಲ, ಸಮ ಮುಖ್ಯ. ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿ ಉಸಿರಾಡಿ. ಬಿಪಿ, ಅಸ್ತಮಾ ಇದ್ದವರು, ಬಸುರಿಯರು ಎಣಿಕೆಯ ಅಭ್ಯಾಸವನ್ನು ಡಾಕ್ಟರನ್ನು ಕೇಳಿಯೇ ಮಾಡಿ.

"ನಾನು ದಿನಾ ಪ್ರಾಣಾಯಾಮ ಮಾಡ್ತೀನಿ, ಸಾಲಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಪ್ರಾಣಾಯಾಮ ಒಳ್ಳೆಯದು, ಆದರೆ ಹಾಡಿನ ಉಸಿರು ಬೇರೆ ಕೆಲಸ. ಭ್ರಾಮರಿ ಹಾಡುವವರಿಗೆ ನೇರವಾಗಿ ಉಪಯೋಗ, ಅದು ಗುಂಯ್‌ಗುಡುವ ಅಭ್ಯಾಸವೇ. ಅನುಲೋಮ ವಿಲೋಮ ಮನಸ್ಸನ್ನು ಒಂದು ಕಡೆ ನಿಲ್ಲಿಸುತ್ತದೆ. ಕಪಾಲಭಾತಿಯಲ್ಲಿ ಗಾಳಿಯನ್ನು ಝಾಡಿಸಿ ಹೊರಗೆ ಹಾಕುತ್ತೇವೆ, ಹಾಡಿಗೆ ಬೇಕಾದದ್ದು ಅದರ ಉಲ್ಟಾ. ಹಾಡುವ ಮುಂಚೆ ಅದು ಬೇಡ, ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಿ. ಕುಂಭಕದ ಹಾಗೆ ಉಸಿರು ಹಿಡಿದಿಟ್ಟು ಸ್ವರ ಶುರು ಮಾಡುವ ಚಟವೂ ಕೆಲವರಿಗಿದೆ. ಹಿಡಿದಾಗ ಗಂಟಲು ಮುಚ್ಚುತ್ತದೆ, ಸ್ವರ ಬರುವಾಗ ಟಕ್ ಅಂತ ಒಡೆದುಕೊಂಡು ಬರುತ್ತದೆ. ಉಸಿರು ಒಳಗೆ ಬಂದ ಕೂಡಲೇ, ನಡುವೆ ನಿಲ್ಲಿಸದೆ, ಸ್ವರಕ್ಕೆ ಹೊರಳಬೇಕು.

ದನಿ ಸೇರಿಸುವುದು

ಈಗ ಸ್ವರ. ಬಾಯಿ ತೆರೆಯುವ ಮುಂಚೆ ಬಾಯಿ ಮುಚ್ಚಿಯೇ ಶುರು ಮಾಡಿ. ತುಟಿ ಸೇರಿಸಿ, ಹಲ್ಲು ಬಿಡಿಸಿ, "ಮ್" ಅಂತ ನಿಮ್ಮ ಷಡ್ಜ ಹಿಡಿಯಿರಿ. ತುಟಿ, ಮೂಗಿನ ಪಕ್ಕ ಜುಮ್ಮೆನ್ನಬೇಕು. ಅದಾದ ಮೇಲೆ ತುಟಿ ನಡುಗಿಸುವ ಅಭ್ಯಾಸ, ಚಿಕ್ಕ ಮಕ್ಕಳು ಬಸ್ ಓಡಿಸುವ ಆಟದಲ್ಲಿ ಮಾಡುವ "ಬುರ್ರ್" ಸದ್ದು. ಅದರಲ್ಲೇ ಸ ರಿ ಗ ಮ ಪ ಏರಿ ಇಳಿಯಿರಿ. ಗಾಳಿ ಒಂದೇ ಸಮ ಬರದಿದ್ದರೆ ತುಟಿ ನಿಂತೇ ಹೋಗುತ್ತದೆ. ಎಲ್ಲಿ ನಿಲ್ಲುತ್ತದೆ ಅಂತ ಗುರುತು ಮಾಡಿಕೊಳ್ಳಿ. ಹೆಚ್ಚಿನವರಿಗೆ ಅದು ಮಧ್ಯಮದಿಂದ ಪಂಚಮಕ್ಕೆ ಹೋಗುವಲ್ಲಿ.

ಎಳನೀರಿನ ಸ್ಟ್ರಾ ಇದ್ದರೆ ಇನ್ನೂ ಒಳ್ಳೆಯದು. ಒಂದು ಲೋಟದಲ್ಲಿ ನೀರು ಹಾಕಿ, ಸ್ಟ್ರಾ ತುದಿ ಎರಡು ಬೆರಳು ಆಳ ಮುಳುಗಲಿ. ಸ್ಟ್ರಾ ಒಳಗೆ "ಊ" ಅಂತ ಹಾಡಿ, ನೀರಿನಲ್ಲಿ ಗುಳ್ಳೆ ಏಳಲಿ. ಗುಳ್ಳೆಗಳು ಒಂದೇ ಅಳತೆಯಲ್ಲಿ, ಒಂದೇ ವೇಗದಲ್ಲಿ ಬರಬೇಕು, ನೀರು ಚಿಮ್ಮಬಾರದು. ಕೆನ್ನೆ ಸಡಿಲ ಇರಲಿ. ಬಾಯಿ ದಾರಿ ಕಿರಿದಾದಾಗ ಒಳಗೆ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದರಿಂದ ಧ್ವನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರಾಗಿ ಕಂಪಿಸುತ್ತವೆ. ಅಮೆರಿಕದ ಧ್ವನಿ ವಿಜ್ಞಾನಿ ಇಂಗೊ ಟಿಟ್ಸೆ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ, ಈಗ ದನಿ ಕೆಟ್ಟವರ ಚಿಕಿತ್ಸೆಯಲ್ಲೂ ಇದನ್ನು ಬಳಸುತ್ತಾರೆ. ಹಾಡಬೇಕಾದ ಸಾಲನ್ನು ಮೂರು ಸಲ ಸ್ಟ್ರಾದಲ್ಲಿ ಹಾಡಿ, ತಕ್ಷಣ ಬಾಯಿ ತೆರೆದು ಹಾಡಿ ನೋಡಿ. ಅದೇ ಸಾಲಿಗೆ ಉಸಿರು ಉಳಿಯುತ್ತದೆ.

ಇದಾದ ಮೇಲೆ ಆಕಾರ, ಅಂದರೆ ಬಾಯಿ ತೆರೆದು "ಆ" ಅಂತ ಹಾಡುವುದು, ಅದೂ ಖರಜದಲ್ಲಿ, ಅಂದರೆ ಕೆಳಗಿನ ಮಂದ್ರ ಸ್ವರಗಳಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಲ್ಲಿ ಯಾರನ್ನೇ ಕೇಳಿ, ಬೆಳಗಿನ ಮಂದ್ರ ಸಾಧನೆಯ ಮಾತು ಬಂದೇ ಬರುತ್ತದೆ. ಷಡ್ಜದಿಂದ ಕೆಳಗೆ ನಿ, ಧ, ಪ ಅಂತ ಒಂದೊಂದು ಸ್ವರದ ಮೇಲೂ ನಿಂತು ಇಳಿಯಿರಿ. ಕೆಳಗಿನ ಸ್ವರದಲ್ಲಿ ದನಿಯನ್ನು ತಳ್ಳಿದರೆ ಸ್ವರವೇ ಮಾಯವಾಗುತ್ತದೆ, ಹಾಗಾಗಿ ಮೈ ತಾನಾಗಿಯೇ ಹಗುರಾಗುವುದನ್ನು ಕಲಿಯುತ್ತದೆ. ಇಳಿಯುವಾಗ ಗದ್ದ ಎದೆಗೆ ಒತ್ತಬೇಡಿ. ಎಷ್ಟು ಇಳಿಯಲು ಆಗುತ್ತದೋ ಅಷ್ಟೇ ಸಾಕು.

ಶ್ರುತಿಯ ವಿಷಯ, ಅಂದರೆ ನಿಮ್ಮ ಷಡ್ಜವನ್ನು ಎಷ್ಟು ಎತ್ತರದಲ್ಲಿ ಇಟ್ಟುಕೊಳ್ಳಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಿನಿಮಾ ಹಾಡು ಯಾವ ಶ್ರುತಿಯಲ್ಲಿದೆಯೋ ಅದರಲ್ಲೇ ಹಾಡಬೇಕು ಅಂತ ಹಟ ಹಿಡಿಯಬೇಡಿ. ಮಂದ್ರ ಪಂಚಮವೂ (ಕೆಳಗಿನ ಪ) ತಾರ ಗಾಂಧಾರವೂ (ಮೇಲಿನ ಗ) ಕಿರುಚದೆ ಮುಟ್ಟಲು ಆಗುವ ಶ್ರುತಿ ನಿಮ್ಮದು. ತಪ್ಪು ಶ್ರುತಿಯಲ್ಲಿ ಯಾವ ಉಸಿರಿನ ಅಭ್ಯಾಸವೂ ಹತ್ತುವುದಿಲ್ಲ.

ಹಾಡಿನಲ್ಲಿ ಎಲ್ಲಿ ಉಸಿರು ತಗೊಳ್ಳಬೇಕು

ಅಭ್ಯಾಸದಲ್ಲಿ ಉಸಿರು ಚೆನ್ನಾಗಿದ್ದು ಹಾಡಿನಲ್ಲಿ ಸಾಲದೆ ಹೋಗುವುದಕ್ಕೆ ದೊಡ್ಡ ಕಾರಣ ಇದು: ಎಲ್ಲಿ ತಗೊಳ್ಳಬೇಕು ಅಂತ ಮೊದಲೇ ತೀರ್ಮಾನ ಮಾಡಿರುವುದಿಲ್ಲ. ಖಾಲಿ ಆದಾಗ ತಗೊಳ್ಳುತ್ತಾರೆ. ಹಾಡಿನ ಪುಸ್ತಕ ತೆಗೆದು ಪೆನ್ಸಿಲ್ ಹಿಡಿಯಿರಿ. ಮೊದಲು ಸಾಲನ್ನು ಹಾಡದೆ ಮಾತಿನ ಹಾಗೆ ಓದಿ, ಎದುರು ಮನೆಯವರಿಗೆ ಹೇಳುವಷ್ಟು ಗಟ್ಟಿಯಾಗಿ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಪುಟ್ಟ ಗೀಟು ಹಾಕಿ. ವಚನಗಳಲ್ಲಿ ಇದು ಬಹಳ ಸುಲಭ, ಮಾತಿನ ಲಯದಲ್ಲೇ ತುಂಡು ತುಂಡಾಗಿ ಬರುತ್ತವೆ. ವಿಭಕ್ತಿ ಒಂದು ಕಡೆ, ಪದ ಒಂದು ಕಡೆ ಆಗುವ ಹಾಗೆ ಉಸಿರು ತಗೊಂಡರೆ ಕೇಳುವವರಿಗೆ ಚುಚ್ಚುತ್ತದೆ.

ಆಮೇಲೆ ತಾಳ. ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ ಕೆಹರ್ವಾ ತಾಳದಲ್ಲಿ ಭಜನೆ ಹಾಡುವವರು ಸಾಲಿನ ಕೊನೆಯ ಸ್ವರವನ್ನು ಎಂಟನೇ ಮಾತ್ರೆಯ ತುದಿಯವರೆಗೂ ಎಳೆದು, ಮುಂದಿನ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ ಗಡಿಬಿಡಿಯಲ್ಲಿ ಉಸಿರು ಎಳೆಯುತ್ತಾರೆ. ಏಳನೇ ಮಾತ್ರೆಗೇ ಸ್ವರ ಬಿಟ್ಟುಬಿಡಿ. ತಬಲಾ ಆ ಜಾಗ ತುಂಬುತ್ತದೆ. ಒಂದು ಮಾತ್ರೆಯ ಬಿಡುವಿನಲ್ಲಿ, ಬಾಯಿ ಮೂಗು ಎರಡರಿಂದಲೂ, ಹೊಟ್ಟೆ ಸಡಿಲ ಬಿಟ್ಟರೆ ಬೇಕಾದಷ್ಟು ಗಾಳಿ ಬರುತ್ತದೆ. ಮೂಗಿನಿಂದ ಮಾತ್ರ ತಗೊಳ್ಳಬೇಕು ಅನ್ನುವುದು ಅಭ್ಯಾಸಕ್ಕೆ ಸರಿ, ನಡುಗತಿಯ ಹಾಡಿಗೆ ಅದು ಆಗುವ ಮಾತಲ್ಲ.

ಸಣ್ಣ ಸಾಲಿಗೆ ಸಣ್ಣ ಉಸಿರು, ಉದ್ದ ಸಾಲಿಗೆ ಉದ್ದ ಉಸಿರು. ಪ್ರತಿ ಸಲ ಪೂರ್ತಿ ತುಂಬಿದರೆ ಹಳೆಯ ಗಾಳಿಯ ಮೇಲೆ ಹೊಸ ಗಾಳಿ ಸೇರುತ್ತಾ ಹೋಗಿ, ಉಸಿರು ಇದ್ದೂ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಸ್ಪರ್ಧೆಯಲ್ಲಿ ಹೆದರಿದ ಮಕ್ಕಳಿಗೆ ಆಗುವುದು ಬಹುಮಟ್ಟಿಗೆ ಇದೇ.

ನಮ್ಮ ಊರು ಕಂಪನಿ ನಾಟಕದ ಊರು. ರಂಗನಟಿ ಚಿಂದೋಡಿ ಲೀಲಾ ಅವರ ಊರು. ಮೈಕು ಬರುವ ಮುಂಚಿನ ಕಾಲದಲ್ಲಿ ವೃತ್ತಿ ರಂಗಭೂಮಿಯ ನಟರು ಕೊನೆಯ ಸಾಲಿನವರಿಗೂ ಪದ ಕೇಳುವ ಹಾಗೆ ಹಾಡಬೇಕಿತ್ತು, ರಾತ್ರಿ ಇಡೀ, ದಿನಾ. ಬರೀ ಕಿರುಚಿ ಅದು ಆಗುವುದಿಲ್ಲ, ವಾರದಲ್ಲಿ ದನಿ ಬಿದ್ದುಹೋಗುತ್ತದೆ. ಹಳೆಯ ರಂಗಗೀತೆ ಹಾಡುವವರನ್ನು ನೋಡಿ, ಪದಗಳ ವ್ಯಂಜನ ಎಷ್ಟು ಸ್ಪಷ್ಟ, ಎದೆ ಎಷ್ಟು ಅಗಲ, ಕತ್ತು ಎಷ್ಟು ಸಡಿಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದವರು. ಜನಪದದ ಈ ಹೆಣ್ಣುಮಕ್ಕಳು ಕೆಲಸ ಮಾಡುತ್ತಾ, ಕೈ ಆಡಿಸುತ್ತಾ ಹಾಡುತ್ತಾರೆ. ಆಡುವ ಮೈಯಲ್ಲಿ ಉಸಿರು ಕಟ್ಟುವುದಿಲ್ಲ. ನಿಮಗೂ ಒಂದು ಸಾಲು ಹತ್ತದೆ ಹೋದರೆ ಎದ್ದು ಓಡಾಡುತ್ತಾ ಹಾಡಿ, ಕೈ ಬೀಸಿ. ಎಷ್ಟೋ ಸಲ ಅಷ್ಟರಲ್ಲೇ ಬಿಡಿಸಿಕೊಳ್ಳುತ್ತದೆ.

ನಡಿಗೆಯಲ್ಲೂ ಅಭ್ಯಾಸ ಮಾಡಬಹುದು. ದಾವಣಗೆರೆಯವರು ಕುಂದವಾಡ ಕೆರೆ ಏರಿಯ ಮೇಲೆ ನಡೆಯುವಾಗ ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಎಂಟು ಹೆಜ್ಜೆಗೆ ಮೆಲ್ಲಗೆ ಗುನುಗುತ್ತಾ ಹೊರಗೆ ಬಿಡಿ. ಚಿತ್ರದುರ್ಗದವರಿಗೆ ಕೋಟೆ ಇದೆ, ಆದರೆ ಏರುವಾಗ ಬೇಡ, ಇಳಿಯುವಾಗ ಮಾಡಿ. ಬಂಡೆ ಗೋಡೆ ಹತ್ತಿರ ನಿಂತು ಹಾಡಿದರೆ ದನಿ ವಾಪಸ್ ಕಿವಿಗೆ ಬರುತ್ತದೆ, ತಳ್ಳಬೇಕು ಅನಿಸುವುದಿಲ್ಲ. ಬಟಾಬಯಲಿನಲ್ಲಿ ಹಾಡಬೇಡಿ, ದನಿ ಕೇಳಿಸದೆ ಗಂಟಲು ತಾನಾಗಿ ಜೋರು ಮಾಡುತ್ತದೆ.

ಊಟ, ಧೂಳು, ಬಿಸಿಲು

ಮಿರ್ಚಿ ಮಂಡಕ್ಕಿ ಬಿಡಿ ಅಂತ ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ. ಆದರೆ ಹಾಡುವ ಎರಡು ಗಂಟೆ ಮುಂಚೆ ಬೇಡ. ಹೊಟ್ಟೆ ತುಂಬಿದ್ದರೆ ವಪೆ ಇಳಿಯಲು ಜಾಗ ಇಲ್ಲ, ಖಾರ ಎಣ್ಣೆ ಜಾಸ್ತಿ ಆದರೆ ಕೆಲವರಿಗೆ ಹುಳಿತೇಗು ಗಂಟಲವರೆಗೆ ಬಂದು ದನಿ ಒರಟಾಗುತ್ತದೆ. ರಾತ್ರಿ ತಡವಾಗಿ ಉಂಡು ತಕ್ಷಣ ಮಲಗುವವರಿಗೆ ಬೆಳಗ್ಗೆ ದನಿ ಏಳದಿರಲು ಎಷ್ಟೋ ಸಲ ಇದೇ ಕಾರಣ. ಏಪ್ರಿಲ್ ಬಿಸಿಲಲ್ಲಿ ನೀರನ್ನು ಹಾಡುವ ಮುಂಚೆ ಒಮ್ಮೆಲೇ ಕುಡಿಯದೆ ಬೆಳಗ್ಗಿನಿಂದ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೈಕಿನಲ್ಲಿ ಧೂಳು ಕುಡಿದು ಬಂದು ನೇರ ಹಾಡಲು ಕೂರಬೇಡಿ, ಹತ್ತು ನಿಮಿಷ ಬಿಸಿನೀರಿನ ಹಬೆ ತಗೊಳ್ಳಿ. ಫ್ಯಾನು ಮುಖಕ್ಕೆ ಬೇಡ. ಹಾಡುವಾಗ ನೋವಾದರೆ ಆ ದಿನಕ್ಕೆ ನಿಲ್ಲಿಸಿ. ದನಿ ಒಡೆದದ್ದು ಮೂರು ವಾರ ದಾಟಿದರೆ ಮನೆಮದ್ದು ಬಿಟ್ಟು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಐದು ನಿಮಿಷ ಮಲಗಿ, ಐದು ನಿಮಿಷ "ಸ್ಸ್ಸ್" ಮತ್ತು ಸ್ಟ್ರಾ, ಐದು ನಿಮಿಷ ಖರಜ, ಉಳಿದದ್ದರಲ್ಲಿ ಹಾಡಿನ ಎರಡೇ ಎರಡು ಸಾಲು. ಇಡೀ ಹಾಡು ಹಾಡಬೇಡಿ. ಭಾನುವಾರ ಎರಡು ಗಂಟೆ ಕೂತು ವಾರವಿಡೀ ಬಿಡುವುದಕ್ಕಿಂತ ಇದು ಮೇಲು, ಯಾಕಂದ್ರೆ ಮೈ ಮರೆಯುವುದು ಬೇಗ. ವಾರಕ್ಕೊಮ್ಮೆ ಅದೇ ಎರಡು ಸಾಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ಸ್ವರ ಸರಿ ಇದೆಯಾ ಅಂತ ಆಮೇಲೆ ನೋಡಿ, ಮೊದಲು ಉಸಿರು ಎಳೆಯುವ ಸದ್ದನ್ನು ಮಾತ್ರ ಕೇಳಿ. ಅದು ಗೊರ ಗೊರ ಅಂತ ಕೇಳಿಸಿದರೆ ಮುಂದಿನ ವಾರ ಹೊಸ ಸಾಲು ಬೇಡ, ಚಾಪೆ ಹಾಸಿ ಮಲಗುವ ಅಭ್ಯಾಸದಿಂದಲೇ ಮತ್ತೆ ಹಿಡಿಯಿರಿ.